ಒಂದು ಮನೆಗೆ ಒಂದೇ ದಂಡು

ಚದುರಂಗದ ಹಾಸಿನಲ್ಲಿ ಒಂದು ಮನೆಗೆ ಒಂದೇ ಕಾಯಿ. ಆನೆ ನಿಂತ ಮನೆಯಲ್ಲಿ ಕುದುರೆಗೆ ಜಾಗವಿಲ್ಲ. ಚೌಕಾಬಾರದಲ್ಲಿ ಹಾಗಲ್ಲ. ಒಬ್ಬನ ಎರಡು ಕಾಯಿಗಳು ಒಂದೇ ಮನೆಯಲ್ಲಿ ಕೂಡಬಹುದು. ಕೆಲವು ಊರುಗಳಲ್ಲಿ ಹಾಗೆ ಕೂಡಿದ ಜೋಡಿಯನ್ನು ‘ಗಟ್ಟಿ’ ಎನ್ನುತ್ತಾರೆ. ಒಂದು ಮನೆಯಲ್ಲಿ ಎಷ್ಟು ಕಾಯಿಗಳಿರಬೇಕು ಎಂಬುದು ಮೇಲ್ನೋಟಕ್ಕೆ ಮಕ್ಕಳ ಜಗಳದಂತೆ ಕಾಣುತ್ತದೆ. ಆದರೆ 2010ರಲ್ಲಿ ಇದೇ ಪ್ರಶ್ನೆ ಜಗತ್ಪ್ರಸಿದ್ಧ ಕಂಪ್ಯೂಟರ್ ಆಟವೊಂದರ ಅಭಿಮಾನಿಗಳನ್ನು ಎರಡು ಪಾಳೆಯಗಳಾಗಿ ಒಡೆಯಿತು. ಕೊನೆಗೆ ಆ ಆಟವನ್ನು ರೂಪಿಸಿದ ಯುವಕನೇ ತನ್ನ ಕೆಲಸದ ದೋಷಗಳನ್ನು ಬಹಿರಂಗವಾಗಿ ವಿವರಿಸಿ ಬರೆದ.

ಆಟದ ಹೆಸರು ‘ಸಿವಿಲೈಸೇಶನ್’. 1991ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿದ್ದ ಮೈಕ್ರೋಪ್ರೋಸ್ ಕಂಪನಿಗಾಗಿ ಸಿಡ್ ಮೇಯರ್ ಮತ್ತು ಬ್ರೂಸ್ ಶೆಲ್ಲಿ ಇದನ್ನು ರೂಪಿಸಿದರು. ಕ್ರಿಸ್ತಪೂರ್ವ 4000ದಲ್ಲಿ ನೆಲೆ ಹುಡುಕುತ್ತ ಹೊರಟ ವಲಸಿಗರೊಂದಿಗೆ ಆಟ ಆರಂಭ. ಊರು ಕಟ್ಟಬೇಕು, ಹೊಲ ಗದ್ದೆ ಮಾಡಬೇಕು, ಅಕ್ಷರ, ಚಕ್ರ, ಕಬ್ಬಿಣ ಎಂದು ಒಂದೊಂದೇ ವಿದ್ಯೆ ಕಲಿಯಬೇಕು. ನೆರೆಯ ರಾಜ್ಯಗಳೊಡನೆ ಸ್ನೇಹವೋ ಯುದ್ಧವೋ ಮಾಡುತ್ತ ಆರು ಸಾವಿರ ವರ್ಷ ದಾಟಿ, ಕೊನೆಗೆ ಆಲ್ಫಾ ಸೆಂಟಾರಿ ನಕ್ಷತ್ರಕ್ಕೆ ನೌಕೆ ಕಳಿಸಿದರೆ ಗೆಲುವು. ಆಟ ನಡೆಯುವುದು ಸರದಿಯಂತೆ. ಆಟಗಾರ ತನ್ನ ನಡೆಗಳನ್ನೆಲ್ಲ ಮುಗಿಸಿದ ಮೇಲೆ ಎದುರಾಳಿಗಳಾದ ಕಂಪ್ಯೂಟರ್ ರಾಜರ ಸರದಿ. ಅವಸರವಿಲ್ಲ, ಒಂದು ನಡೆಗೆ ಅರ್ಧ ಗಂಟೆ ಯೋಚಿಸಿದರೂ ಕೇಳುವವರಿಲ್ಲ. ಹೀಗೆ ಯೋಚಿಸಿ ಆಡುವವರು ಆಟದ ಲೆಕ್ಕಾಚಾರಗಳನ್ನು ರೂಪಿಸಿದವರಿಗಿಂತಲೂ ಚೆನ್ನಾಗಿ ಅರಿಯುತ್ತಾರೆ. ಇಂಥ ಆಟದ ಮುಂದಿನ ಭಾಗ ಬಂದಾಗಲೆಲ್ಲ ಕಾವೇರಿದ ಚರ್ಚೆ ಹುಟ್ಟುವುದಕ್ಕೆ ಇದೇ ಕಾರಣ.

ಮೊದಲ ದೂರು ಮೊದಲ ಆಟದಿಂದಲೇ ಶುರುವಾಯಿತು. ಅದರಲ್ಲಿ ಎರಡು ಪಡೆಗಳ ಹೋರಾಟ ಒಂದೇ ಏಟಿಗೆ ತೀರ್ಮಾನವಾಗುತ್ತಿತ್ತು. ಬಲಗಳ ಪ್ರಮಾಣಕ್ಕೆ ತಕ್ಕಂತೆ ಕಂಪ್ಯೂಟರ್ ಒಂದು ದಾಳ ಎಸೆದಂತೆ. ದಾಳ ಎಂದ ಮೇಲೆ ಅಪರೂಪಕ್ಕೆ ಅಡ್ಡಬೀಳುವುದು ಇದ್ದದ್ದೇ. ಹೀಗಾಗಿ ಪ್ರಾಚೀನ ಗ್ರೀಸಿನ ಈಟಿಗಾರರು ಇಪ್ಪತ್ತನೆಯ ಶತಮಾನದ ಯುದ್ಧನೌಕೆಯನ್ನು ಮುಳುಗಿಸುವ ವಿಚಿತ್ರಗಳು ನಡೆಯುತ್ತಿದ್ದವು. 1996ರಲ್ಲಿ ಬ್ರಯನ್ ರೆನಾಲ್ಡ್ಸ್ ರೂಪಿಸಿದ ಎರಡನೆಯ ಭಾಗ ಪಡೆಗಳಿಗೆ ಆಯುಸ್ಸಿನ ಅಂಕಗಳನ್ನೂ ಗುಂಡಿನ ಬಲವನ್ನೂ ಕೊಟ್ಟು ಇದನ್ನು ಬಹುಮಟ್ಟಿಗೆ ಸರಿಪಡಿಸಿತು. 2001ರ ಮೂರನೆಯ ಭಾಗ ಗುಂಡಿನ ಬಲದ ಲೆಕ್ಕವನ್ನು ತೆಗೆದುಹಾಕಿತು. ಈಟಿಗಾರರು ಮತ್ತೆ ಟ್ಯಾಂಕುಗಳನ್ನು ಸೋಲಿಸತೊಡಗಿದರು! ಹಳೆಯ ದೂರು ಹೊಸ ಹೆಸರಿನಲ್ಲಿ ಮರಳಿತು.

ಇಷ್ಟೇ ಆಗಿದ್ದರೆ ಅದು ತಮಾಷೆಯ ಮಾತಾಗಿ ಉಳಿಯುತ್ತಿತ್ತು. ಅಸಲು ಕಥೆ ಇರುವುದು ಸೈನ್ಯದ ರಾಶಿಯಲ್ಲಿ. ಮೊದಲೆರಡು ಆಟಗಳಲ್ಲಿ ಒಂದೇ ಮನೆಯಲ್ಲಿ ಎಷ್ಟು ಪಡೆಗಳನ್ನು ಬೇಕಾದರೂ ಪೇರಿಸಬಹುದಿತ್ತು. ಆದರೆ ಊರಿನ ಅಥವಾ ಕೋಟೆಯ ಹೊರಗೆ ಹಾಗೆ ಪೇರಿಸುವುದು ಅಪಾಯ. ವೈರಿ ಬಂದು ರಾಶಿಯಲ್ಲಿನ ಅತ್ಯುತ್ತಮ ರಕ್ಷಕನನ್ನು ಸೋಲಿಸಿದರೆ ಉಳಿದವರೆಲ್ಲ ಒಟ್ಟಿಗೇ ನಾಶ. ಇದು ಅನ್ಯಾಯ ಎನ್ನಿಸಿದ್ದು ಸಹಜ. ಮೂರನೆಯ ಭಾಗದಲ್ಲಿ ಈ ನಿಯಮ ಬಿದ್ದುಹೋಯಿತು. ಸತ್ತರೆ ಒಂದೊಂದೇ ಪಡೆ ಸಾಯುತ್ತಿತ್ತು. ಹೀಗೆ ಅನ್ಯಾಯ ಹೋಯಿತು, ಅದರ ಜೊತೆಗೆ ಭಯವೂ ಹೋಯಿತು. ರಾಶಿಯೇ ಈಗ ಸುರಕ್ಷಿತ. ಮೂವತ್ತು ನಲವತ್ತು ಪಡೆಗಳನ್ನು ಒಂದೇ ಮನೆಗೆ ತುಂಬಿ ಎದುರಾಳಿಯ ಊರಿನತ್ತ ನಡೆಸಿಬಿಡುವುದೇ ಯುದ್ಧತಂತ್ರವಾಯಿತು. ಆಟಗಾರರು ಇದಕ್ಕೆ ‘ಪ್ರಳಯದ ರಾಶಿ’ ಎಂಬರ್ಥದ ಇಂಗ್ಲಿಷ್ ಹೆಸರಿಟ್ಟರು.

ಸೋರೆನ್ ಜಾನ್ಸನ್ ನೇತೃತ್ವದಲ್ಲಿ 2005ರಲ್ಲಿ ಬಂದ ನಾಲ್ಕನೆಯ ಭಾಗ ಇದಕ್ಕೊಂದು ಔಷಧಿ ಹುಡುಕಿತು. ಕವಣೆಯಂತ್ರವೋ ಫಿರಂಗಿಯೋ ರಾಶಿಯ ಮೇಲೆ ಎರಗಿದರೆ ಒಬ್ಬನಿಗಲ್ಲ, ಹಲವರಿಗೆ ಏಕಕಾಲಕ್ಕೆ ಪೆಟ್ಟು. ಔಷಧಿ ಫಲಿಸಿತು. ಆದರೆ ಎರಗಿದ ಕವಣೆಯಂತ್ರ ಬಹುಪಾಲು ನಾಶವಾಗುತ್ತಿತ್ತು. ಹಾಗಾಗಿ ಯುದ್ಧವೆಂದರೆ ನಾಲ್ಕು ಕವಣೆಯಂತ್ರಗಳನ್ನು ಬಲಿಗೊಟ್ಟು ಐದನೆಯವನನ್ನು ಗೆಲ್ಲಿಸುವ ವ್ಯವಹಾರವಾಯಿತು. ಉಳಿದೆಲ್ಲ ವಿಷಯಗಳಲ್ಲಿ ಈ ನಾಲ್ಕನೆಯ ಭಾಗವನ್ನು ಇಡೀ ಸರಣಿಯ ಶಿಖರವೆಂದು ಎಣಿಸುವವರು ಈಗಲೂ ಬಹಳ. ಅವರೂ ಕೂಡ ಅದರ ಯುದ್ಧವನ್ನು ಹೊಗಳುವುದು ಅಪರೂಪ.

ಸರಣಿಯ ಮುಂದಿನ ಭಾಗ ಮಾಡುವವರಿಗೆ ಸಿಡ್ ಮೇಯರ್ ಹೇಳಿಕೊಡುತ್ತಿದ್ದ ಸೂತ್ರ ಸರಳವಾದುದು. ಮೂರರಲ್ಲೊಂದು ಪಾಲು ಹಳೆಯದು, ಒಂದು ಪಾಲು ತಿದ್ದಿದ್ದು, ಒಂದು ಪಾಲು ಹೊಚ್ಚ ಹೊಸದು. ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ಹೊತ್ತಿನ ಇನ್ನೊಂದು ಉದಾಹರಣೆ ಕಣ್ಣ ಮುಂದಿತ್ತು. ‘ಮಾಸ್ಟರ್ ಆಫ್ ಓರಿಯನ್’ ಎಂಬ ಬಾಹ್ಯಾಕಾಶ ಸಾಮ್ರಾಜ್ಯದ ಆಟದ ಮೊದಲೆರಡು ಭಾಗಗಳು, 1993ರದು ಮತ್ತು 1996ರದು, ಅಪಾರ ಪ್ರೀತಿ ಗಳಿಸಿದ್ದವು. 2003ರಲ್ಲಿ ಬಂದ ಮೂರನೆಯದು ಆಡಳಿತವನ್ನೆಲ್ಲ ಕಂಪ್ಯೂಟರ್ ಅಧಿಕಾರಿಗಳಿಗೆ ವಹಿಸಿ ಆಟಗಾರನನ್ನು ಕಡತ ನೋಡುವ ಗುಮಾಸ್ತನ ಮಟ್ಟಕ್ಕೆ ಇಳಿಸಿಬಿಟ್ಟಿತು. ನಾಲ್ಕನೆಯ ಭಾಗ ಬರಲೇ ಇಲ್ಲ. 2016ರಲ್ಲಿ ಬಂದದ್ದು ಸಂಖ್ಯೆಯಿಲ್ಲದ, ಹೊಸದಾಗಿ ಶುರುವಿಟ್ಟ ಆಟ.

ಇಂಥ ಭಾರವನ್ನು ಹೆಗಲಿಗೇರಿಸಿಕೊಂಡು ಐದನೆಯ ‘ಸಿವಿಲೈಸೇಶನ್’ ರೂಪಿಸಲು ಹೊರಟವರು ಜಾನ್ ಶೇಫರ್. ಆಗಿನ್ನೂ ಇಪ್ಪತ್ತರ ಹರೆಯ. ಮೂರನೆಯ ಭಾಗದ ಕಾಲದಲ್ಲಿ ಅಭಿಮಾನಿಯಾಗಿ ಆಟಕ್ಕೆ ಸ್ವಂತ ಮಾರ್ಪಾಟುಗಳನ್ನು ಮಾಡುತ್ತ, ಆಮೇಲೆ ಫಿರಾಕ್ಸಿಸ್ ಕಂಪನಿ ಸೇರಿದವರು. ಎಂದರೆ ದೂರುವವರ ಸಾಲಿನಿಂದಲೇ ಎದ್ದು ಬಂದವರು. ಅವರಿಗೆ ಮೆಚ್ಚುಗೆಯಾಗಿದ್ದ ಆಟ 1994ರ ‘ಪ್ಯಾಂಜರ್ ಜನರಲ್’. ಎರಡನೆಯ ಮಹಾಯುದ್ಧದ ಆ ಆಟದಲ್ಲಿ ನೆಲವನ್ನು ಜೇನುಗೂಡಿನಂತೆ ಆರು ಮೂಲೆಯ ಮನೆಗಳಾಗಿ ಹಂಚಲಾಗಿತ್ತು. ಒಂದು ಮನೆಯಲ್ಲಿ ನೆಲದ ಮೇಲಿನ ಪಡೆ ಒಂದೇ. ಶೇಫರ್ ಈ ಎರಡನ್ನೂ ತಂದರು. 2010ರ ಸೆಪ್ಟೆಂಬರಿನಲ್ಲಿ ಆಟ ಹೊರಬಂದಾಗ ಪ್ರಳಯದ ರಾಶಿ ಒಂದೇ ಏಟಿಗೆ ಮಾಯವಾಗಿತ್ತು.

ವಿಮರ್ಶಕರು ಹೊಗಳಿದರು. ಹಳೆಯ ಆಟಗಾರರು ಕೆಲವೇ ವಾರಗಳಲ್ಲಿ ತಕರಾರು ತೆಗೆದರು. ಆ ತಕರಾರನ್ನು ಸ್ವಲ್ಪ ಬಿಡಿಸಿ ನೋಡುವುದು ಲೇಸು. ಏಕೆಂದರೆ ಅದು ಬರೀ ‘ಹಿಂದಿನದೇ ಚೆನ್ನಾಗಿತ್ತು’ ಎಂಬ ಗೊಣಗಾಟವಾಗಿರಲಿಲ್ಲ.

‘ಪ್ಯಾಂಜರ್ ಜನರಲ್’ನ ನಕಾಶೆ ಒಂದು ರಣರಂಗದ್ದು. ಅಲ್ಲಿ ಪಡೆಗಳು ಹರಡಿ ನಿಲ್ಲಲು ಬೇಕಾದಷ್ಟು ಬಯಲು. ‘ಸಿವಿಲೈಸೇಶನ್’ ನಕಾಶೆ ಇಡೀ ಭೂಮಂಡಲದ್ದು. ಫ್ರಾನ್ಸಿನಷ್ಟು ದೇಶ ಕೆಲವೇ ಮನೆಗಳಲ್ಲಿ ಮುಗಿದುಹೋಗುತ್ತದೆ. ಅದರೊಳಗೆ ಒಂದು ಮನೆಗೆ ಒಂದೇ ದಂಡು ಎಂದರೆ ಹತ್ತು ಪಡೆ ಕಟ್ಟುವಷ್ಟರಲ್ಲಿ ರಾಜ್ಯವೇ ತುಂಬಿತು. ಬಿಲ್ಲುಗಾರರು ಎರಡು ಮನೆ ದೂರಕ್ಕೆ ಬಾಣ ಬಿಡಬಲ್ಲವರಾದ್ದರಿಂದ ಭೂಮಿಯ ನಕಾಶೆಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಆಚೆಗೂ ಬಾಣ ಹಾರುತ್ತದೆ ಎಂದು ಆಟಗಾರರು ನಕ್ಕರು. ನಗು ಅಲ್ಲಿಗೇ ನಿಂತಿತು. ನೆಲ ದಂಡುಗಳಿಂದ ಮುಚ್ಚಿಹೋಗಬಾರದೆಂದರೆ ದಂಡುಗಳು ಬೇಗ ಬೇಗ ಹುಟ್ಟಬಾರದು. ಅದಕ್ಕಾಗಿ ಉತ್ಪಾದನೆಯ ವೇಗವನ್ನೇ ತಗ್ಗಿಸಲಾಯಿತು. ಆದರೆ ದಂಡು ಹುಟ್ಟುವುದೂ ಗ್ರಂಥಾಲಯ, ಸಂತೆ, ಕಣಜ ಏಳುವುದೂ ಅದೇ ಊರಿನ ಅದೇ ದುಡಿಮೆಯಿಂದ. ದಂಡು ನಿಧಾನವಾದರೆ ಕಟ್ಟಡವೂ ನಿಧಾನ. ಶಾಂತಿಕಾಲದಲ್ಲಿ ಆಟಗಾರನಿಗೆ ಕೆಲಸವೇ ಇಲ್ಲದಂತಾಗಿ, ಸರದಿಯ ಮೇಲೆ ಸರದಿ ಸುಮ್ಮನೆ ಗುಂಡಿ ಒತ್ತುತ್ತ ಕೂರುವ ಸ್ಥಿತಿ ಬಂತು. ‘ಇನ್ನೊಂದೇ ಸರದಿ’ ಎಂದು ಬೆಳಗಿನ ಜಾವದವರೆಗೆ ಎಚ್ಚರವಿರಿಸುತ್ತಿದ್ದ ಆಟಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆಯಿಲ್ಲ. ಯುದ್ಧವನ್ನು ಚೆಂದಗೊಳಿಸಲು ತಂದ ನಿಯಮ ಗ್ರಂಥಾಲಯವನ್ನು ತಡಮಾಡಿತು ಎಂಬುದನ್ನು ಆಟಗಾರರು ಹೆಜ್ಜೆ ಹೆಜ್ಜೆಯಾಗಿ ಲೆಕ್ಕಹಾಕಿ ತೋರಿಸಿದರು.

ಇನ್ನೊಂದು ತೊಡಕು ಎದುರಾಳಿಯದು. ರಾಶಿ ನಡೆಸುವುದು ಕಂಪ್ಯೂಟರಿಗೆ ಸುಲಭ, ತುಂಬಿ ಕಳಿಸಿದರಾಯಿತು. ಹರಡಿದ ಹತ್ತು ಪಡೆಗಳಲ್ಲಿ ಯಾರು ಮುಂದೆ, ಯಾರು ಹಿಂದೆ, ಹೊಳೆ ದಾಟುವಾಗ ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು ಕಠಿಣ ವಿದ್ಯೆ. ಕಂಪ್ಯೂಟರ್ ರಾಜರ ಬಿಲ್ಲುಗಾರರು ಈಟಿಗಾರರಿಗಿಂತ ಮುಂದೆ ಬಂದು ಸಾಯುತ್ತಿದ್ದರು. ಮೊದಲ ಆವೃತ್ತಿಯಲ್ಲಿ ನಾಲ್ಕೈದು ಕುದುರೆ ಪಡೆಗಳಿದ್ದವನು ಅಕ್ಕಪಕ್ಕದ ರಾಜ್ಯಗಳನ್ನು ಸಲೀಸಾಗಿ ಗೆಲ್ಲಬಹುದಿತ್ತು. ಇಡೀ ಸಾಮ್ರಾಜ್ಯಕ್ಕೆ ‘ಸಂತೋಷ’ದ ಒಂದೇ ಖಾತೆ ಇಟ್ಟು, ಊರು ಹೆಚ್ಚಿದಂತೆ ಅದು ಕುಸಿಯುವಂತೆ ಮಾಡಿದ್ದೂ, ನಾಲ್ಕನೆಯ ಭಾಗದಲ್ಲಿದ್ದ ಧರ್ಮ ಮತ್ತು ಗೂಢಚರ್ಯೆ ಕಾಣೆಯಾಗಿದ್ದೂ ಅಸಮಾಧಾನಕ್ಕೆ ಸೇರಿಕೊಂಡವು. ಸ್ನೇಹದಿಂದಿದ್ದ ರಾಜ ಕಾರಣ ಕಾಣದೆ ಮುನಿಯುವುದು ಮತ್ತೊಂದು ದೂರು.

ಹೊಸ ನಿಯಮದ ಪರ ನಿಂತವರೂ ಕಡಿಮೆಯಿರಲಿಲ್ಲ. ಅವರ ವಾದದಲ್ಲಿಯೂ ಹುರುಳಿತ್ತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನೆಲಕ್ಕೆ ಬೆಲೆ ಬಂದಿತ್ತು. ಎರಡು ಗುಡ್ಡಗಳ ನಡುವಿನ ಕಣಿವೆಯನ್ನು ಒಂದು ಪಡೆ ಹಿಡಿದು ನಿಲ್ಲಬಹುದು. ಹೊಳೆಯ ಈ ದಡವೇ ಬೇರೆ, ಆ ದಡವೇ ಬೇರೆ. ರಾಶಿಯ ಕಾಲದಲ್ಲಿಯೂ ಕಂಪ್ಯೂಟರ್ ಜಾಣನಾಗಿರಲಿಲ್ಲ, ಅದರ ದಡ್ಡತನ ಸಂಖ್ಯಾಬಲದಲ್ಲಿ ಮುಚ್ಚಿಹೋಗಿತ್ತು ಅಷ್ಟೇ ಎಂಬುದು ಅವರ ಮಾತು. ಈ ಸರಣಿಯನ್ನು ಐದನೆಯ ಭಾಗದಿಂದಲೇ ಮೊದಲು ಕಂಡ ಲಕ್ಷಾಂತರ ಮಂದಿಗೆ ಕಳೆದುಕೊಂಡದ್ದು ಏನೂ ಇರಲಿಲ್ಲ ಎಂಬುದನ್ನೂ ನೆನೆಯಬೇಕು.

ಇಲ್ಲಿ ಭಾರತೀಯರಿಗೆ ಸಂಬಂಧಪಟ್ಟ ಒಂದು ಉಪಕಥೆಯನ್ನು ಹೇಳದಿರಲಾಗದು. ಮೊದಲ ಆಟದಿಂದಲೇ ಭಾರತದ ನಾಯಕ ಮಹಾತ್ಮ ಗಾಂಧಿ. ಆಕ್ರಮಣಶೀಲತೆಯಲ್ಲಿ ಒಂದು ಅಂಕ ಪಡೆದ ಗಾಂಧಿ ಪ್ರಜಾಪ್ರಭುತ್ವಕ್ಕೆ ಬಂದೊಡನೆ ಎರಡು ಅಂಕ ಕಳೆದು, ಲೆಕ್ಕ ಸೊನ್ನೆಗಿಂತ ಕೆಳಗಿಳಿಯಲಾರದೆ 255ಕ್ಕೆ ಹಾರಿ, ಅಣುಬಾಂಬು ಸುರಿಸುತ್ತಿದ್ದರು ಎಂಬ ಕಥೆ 2012ರಿಂದೀಚೆಗೆ ಎಲ್ಲೆಡೆ ಹಬ್ಬಿತು. ತಂತ್ರಾಂಶ ದೋಷಕ್ಕೆ ನಿದರ್ಶನವಾಗಿ ಇದನ್ನು ಉದಾಹರಿಸಿದವರುಂಟು. 2020ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಸಿಡ್ ಮೇಯರ್ ಅಂಥ ದೋಷ ಇರಲೇ ಇಲ್ಲವೆಂದು ಸ್ಪಷ್ಟಪಡಿಸಿದರು. ಗಾಂಧಿಗೆ ಅಣ್ವಸ್ತ್ರದ ಒಲವನ್ನು ನಿಜವಾಗಿ ಕೊಟ್ಟವರು ಶೇಫರ್. ಐದನೆಯ ಭಾಗದಲ್ಲಿ ಹತ್ತರ ಅಳತೆಯಲ್ಲಿ ಹನ್ನೆರಡು ಅಂಕ, ಅದೂ ತಮಾಷೆಗಾಗಿ! ದೋಷ ಹುಡುಕುವ ಹುಮ್ಮಸ್ಸಿನಲ್ಲಿ ಇಲ್ಲದ ದೋಷವೂ ಇತಿಹಾಸ ಸೇರಿಬಿಡುವುದುಂಟು.

ಇದ್ದ ದೋಷಗಳನ್ನು ಫಿರಾಕ್ಸಿಸ್ ಒಂದೊಂದಾಗಿ ತಿದ್ದುತ್ತ ಬಂತು. ಕುದುರೆ ಪಡೆಯ ಬಲ ಇಳಿಯಿತು. ಎಡ್ ಬೀಚ್ ನೇತೃತ್ವದ ಎರಡು ವಿಸ್ತರಣೆಗಳಲ್ಲಿ, 2012ರ ‘ಗಾಡ್ಸ್ ಅಂಡ್ ಕಿಂಗ್ಸ್’ ಧರ್ಮವನ್ನೂ ಗೂಢಚರರನ್ನೂ ಮರಳಿ ತಂದಿತು. ಹತ್ತಿದ್ದ ಪಡೆಯ ಆಯುಸ್ಸಿನ ಅಂಕಗಳನ್ನು ನೂರಕ್ಕೇರಿಸಿ ಕಾಳಗಕ್ಕೆ ಉಸಿರಾಡಲು ಅವಕಾಶ ಕೊಟ್ಟಿತು. 2013ರ ‘ಬ್ರೇವ್ ನ್ಯೂ ವರ್ಲ್ಡ್’ ವ್ಯಾಪಾರ ಮಾರ್ಗ, ವಿಶ್ವಸಭೆ, ಸಿದ್ಧಾಂತಗಳ ಪೈಪೋಟಿ ಎಂದು ಶಾಂತಿಕಾಲದ ಖಾಲಿತನವನ್ನು ತುಂಬಿತು. ಮೂರು ವರ್ಷ ತಡವಾಗಿಯಾದರೂ ಆಟ ಗೆದ್ದಿತು. 2016ರಲ್ಲಿ ಆರನೆಯ ಭಾಗ ಬಂದ ಮೇಲೂ ಬಹುಕಾಲ ಐದನೆಯದನ್ನೇ ಆಡುವವರ ಸಂಖ್ಯೆ ಹೆಚ್ಚಾಗಿತ್ತು.

ಶೇಫರ್ ಅಷ್ಟರಲ್ಲಿ ಕಂಪನಿ ಬಿಟ್ಟಿದ್ದರು. 2013ರ ಆರಂಭದಲ್ಲಿ ‘ಅಟ್ ದಿ ಗೇಟ್ಸ್’ ಎಂಬ ಸ್ವಂತ ಆಟಕ್ಕೆ ಸಾರ್ವಜನಿಕರಿಂದ ಹಣ ಕೂಡಿಸಲು ಹೊರಟಾಗ ಐದನೆಯ ಭಾಗದ ಬಗ್ಗೆ ದೀರ್ಘ ಲೇಖನ ಬರೆದರು. ಆಟಗಾರರು ಎಣಿಸಿದ್ದ ಸರಪಣಿಯನ್ನು ಅವರೂ ಹಾಗೆಯೇ ಎಣಿಸಿದರು. ಒಂದು ಮನೆಗೆ ಒಂದೇ ದಂಡು ಎಂದ ಮೇಲೆ ನಕಾಶೆ ತುಂಬಿತು, ತುಂಬಬಾರದೆಂದು ಉತ್ಪಾದನೆ ತಗ್ಗಿಸಬೇಕಾಯಿತು, ತಗ್ಗಿಸಿದ್ದರಿಂದ ಕಾಯುವುದೇ ಹೆಚ್ಚಾಯಿತು. ಕಂಪ್ಯೂಟರ್ ಎದುರಾಳಿಯ ಮೇಲೆ ಬಿದ್ದ ಹೊರೆ, ಸಂತೋಷದ ಖಾತೆ, ನೆರೆರಾಜರ ಒಗಟಿನಂಥ ನಡವಳಿಕೆ, ಯಾವುದನ್ನೂ ಅವರು ಬಿಡಲಿಲ್ಲ. ಹೊಸ ಆಟಕ್ಕೆ ಹಣ ಬೇಕಿದ್ದವನ ಜಾಣ್ಮೆ ಇದು ಎಂದು ಹುಬ್ಬೇರಿಸಬಹುದು. ಆದರೆ ಲಾಭಕ್ಕಾಗಿ ಬರೆದದ್ದೇ ಆದರೂ ಅಷ್ಟು ವಿವರವಾಗಿ ಸ್ವಂತ ಕೃತಿಯನ್ನು ಬಿಚ್ಚಿಡುವವರು ಈ ಉದ್ಯಮದಲ್ಲಿ ವಿರಳ. ‘ಅಟ್ ದಿ ಗೇಟ್ಸ್’ ಹೊರಬಂದದ್ದು 2019ರ ಜನವರಿಯಲ್ಲಿ.

ರಾಶಿಯೂ ಪೂರ್ತಿ ಸಾಯಲಿಲ್ಲ. ಆರನೆಯ ಭಾಗದಲ್ಲಿ ಒಂದೇ ಬಗೆಯ ಎರಡು ಪಡೆಗಳನ್ನು, ಮುಂದೆ ಮೂರನ್ನು, ಬೆಸೆದು ಒಂದಾಗಿಸುವ ಅವಕಾಶ ಬಂತು. ಏಳನೆಯ ಭಾಗ 2025ರ ಫೆಬ್ರುವರಿಯಲ್ಲಿ ಬಂದಾಗ ಹೊಸ ಜಗಳ ಬೇರೆಡೆ ಹೊತ್ತಿಕೊಂಡಿತು. ಅದರಲ್ಲಿ ಆಟ ಮೂರು ಯುಗಗಳಾಗಿ ಒಡೆದಿದೆ. ಹೊರಬಂದಾಗ ಯುಗ ಬದಲಾದಂತೆ ಆಟಗಾರ ತನ್ನ ನಾಡನ್ನೂ ಬದಲಿಸಬೇಕಿತ್ತು. ಮೌರ್ಯರಾಗಿ ಶುರುಮಾಡಿ ಚೋಳರಾಗಿ, ಮೊಘಲರಾಗಿ ಮುಗಿಸಬಹುದು. ಆರು ಸಾವಿರ ವರ್ಷ ಒಂದೇ ಜನಾಂಗವನ್ನು ನಡೆಸಿಕೊಂಡು ಬರುವ ಸುಖವೇ ಹೋಯಿತೆಂದು ಹಳಬರು ಸಿಟ್ಟಾದರು. ಆ ಗದ್ದಲದ ನಡುವೆ ಸೈನ್ಯದ ಮಟ್ಟಿಗೆ ಮಾಡಿದ ಏರ್ಪಾಡು ಅಷ್ಟಾಗಿ ಯಾರ ಸಿಟ್ಟಿಗೂ ಗುರಿಯಾಗಲಿಲ್ಲ. ಅದರಲ್ಲಿ ದಂಡನಾಯಕನೊಬ್ಬನಿದ್ದಾನೆ. ದಾರಿ ನಡೆಯುವಾಗ ಹಲವು ಪಡೆಗಳು ಅವನೊಡನೆ ಒಂದೇ ಮನೆಯಲ್ಲಿ ಅಡಗುತ್ತವೆ. ವೈರಿ ಎದುರಾದಾಗ ಹೊರಬಂದು, ಒಂದು ಮನೆಗೆ ಒಂದರಂತೆ ಹರಡಿ ನಿಲ್ಲುತ್ತವೆ.