ಟ್ಯಾಂಕ್ ಎಣಿಸುತ್ತಿದ್ದ ಕಾಲ

"ನಿಮ್ಮ ಟ್ಯಾಂಕುಗಳನ್ನ ನಾವೇ ಬಂದು ಎಣಿಸ್ತೀವಿ" ಅಂತ ಶತ್ರುವಿಗೆ ಹೇಳೋಕಾಗುತ್ತಾ? 1990ರ ನವೆಂಬರ್ 19ರಂದು ಪ್ಯಾರಿಸ್‌ನಲ್ಲಿ ನೇಟೋ ಮತ್ತು ವಾರ್ಸಾ ಕೂಟದ 22 ದೇಶಗಳು ಇದಕ್ಕೆ ಸಹಿ ಹಾಕಿದವು. ಅದೇ ಸಿಎಫ್‌ಇ ಒಪ್ಪಂದ. ಅಟ್ಲಾಂಟಿಕ್‌ನಿಂದ ಉರಲ್ ಪರ್ವತದವರೆಗೆ ಒಂದೊಂದು ಬಣಕ್ಕೆ 20,000 ಟ್ಯಾಂಕು, 20,000 ಫಿರಂಗಿ, 6,800 ಯುದ್ಧವಿಮಾನ. ಅಷ್ಟೇ.

ಮರುವರ್ಷವೇ ವಾರ್ಸಾ ಕೂಟ, ಸೋವಿಯತ್ ಒಕ್ಕೂಟ ಎರಡೂ ಇಲ್ಲವಾದವು. ಒಪ್ಪಂದ ಮಾತ್ರ ಉಳೀತು. ಹತ್ತಾರು ಸಾವಿರ ಆಯುಧಗಳು ಗುಜರಿಗೆ ಹೋದವು. ಹೊಸ ನಕ್ಷೆಗೆ ತಕ್ಕಂತೆ 1999ರಲ್ಲಿ ಇಸ್ತಾಂಬುಲ್‌ನಲ್ಲಿ ಅದನ್ನ ತಿದ್ದಿದರು. ಆದರೆ ಜಾರ್ಜಿಯಾ, ಮಾಲ್ಡೋವಾದಿಂದ ರಷ್ಯಾದ ಸೇನೆ ಹೊರಡೋ ತನಕ ಅನುಮೋದಿಸಲ್ಲ ಅಂತ ನೇಟೋ ದೇಶಗಳು ಪಟ್ಟುಹಿಡಿದವು. ನೇಟೋ ಪೂರ್ವಕ್ಕೆ ಬೆಳೆಯುತ್ತಿದೆ ಅಂತ ರಷ್ಯಾ ಸಿಡುಕಿತು. 2007ರಲ್ಲಿ ಪಾಲನೆ ನಿಲ್ಲಿಸಿತು, 2023ರ ನವೆಂಬರ್ 7ಕ್ಕೆ ಪೂರ್ತಿ ಹೊರನಡೀತು. ಅದೇ ದಿನ ನೇಟೋ ದೇಶಗಳೂ ಒಪ್ಪಂದವನ್ನ ಅಮಾನತಿನಲ್ಲಿಡೋದಾಗಿ ಘೋಷಿಸಿದವು.

ನನಗೆ ದೊಡ್ಡ ನಷ್ಟ ಅನ್ನಿಸೋದು ಆ ಎಣಿಕೆಯದೇ. ಎದುರಾಳಿಯ ಶಿಬಿರಕ್ಕೇ ಹೋಗಿ ನೋಡಿಬರೋ ಹಕ್ಕಿದ್ದಾಗ, ಗುಟ್ಟಾಗಿ ಸೇನೆ ಜಮಾಯಿಸೋದು ಕಷ್ಟ. ಹಳೇ ಒಪ್ಪಂದ ಮತ್ತೆ ಎದ್ದುಬರುತ್ತೆ ಅಂತ ನಾನು ನಂಬಲ್ಲ. ಡ್ರೋನ್‌ಗಳ ಈ ಕಾಲಕ್ಕೆ ಬರೆದದ್ದಲ್ಲ ಅದು. ಆದರೆ ಉಕ್ರೇನ್ ಯುದ್ಧ ಮುಗಿದ ಮೇಲೆ ಯಾರೇ ಮಾತಿಗೆ ಕೂತರೂ ಎಣಿಕೆಯಿಂದಲೇ ಶುರುಮಾಡಬೇಕು. ನಂಬಿಕೆ ಇಲ್ಲದ ಕಡೆಯೇ ತಾನೇ ಲೆಕ್ಕ ಬೇಕಾಗೋದು?