ಸಾಲಿನ ಕೊನೆಯ ಚರಿತ್ರೆ: ಮಧುಗಿರಿ ಸೀಮೆಯ ಪದಪಟ್ಟಿ ಮತ್ತು ಕಾಣದ ಅಕ್ಷರ

ಉಪಭಾಷಾ ಸಾಮಗ್ರಿಯನ್ನು ಗಣಕಕ್ಕೆ ಒಪ್ಪಿಸುವಾಗ ಲಿಪಿಸಂಕೇತದ ಬಗೆಗೆ ನಾವು ವಹಿಸುವ ಎಚ್ಚರವನ್ನು ಸಾಲಿನ ಕೊನೆಯ ಬಗೆಗೆ ವಹಿಸುವುದು ಕಡಿಮೆ. ಸಾಲಿನ ಕೊನೆಗೂ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಮರೆತರೆ ಅದು ನಮ್ಮ ನಿರ್ಣಯಗಳೊಳಗೆ ನುಸುಳುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಪದಪಟ್ಟಿಗಳನ್ನು ನಿದರ್ಶನವಾಗಿಟ್ಟುಕೊಂಡು ಇದನ್ನು ಇಲ್ಲಿ ವಿವೇಚಿಸುತ್ತೇವೆ.

ಈ ಸೀಮೆಯ ಲಿಖಿತ ಕನ್ನಡದ ಮೊದಲ ದೊಡ್ಡ ಸಂಕಲನ ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟ. ಶಿರಾ, ಪಾವಗಡ ಮತ್ತು ಅಂದು ಮದ್ದಗಿರಿ ಎನಿಸಿದ್ದ ಮಧುಗಿರಿಯ ಶಾಸನಗಳು ಅದರಲ್ಲಿ ತಾಲ್ಲೂಕುವಾರು ಜೋಡಣೆಗೊಂಡಿವೆ. ಶಾಸನದಲ್ಲಿ ಸಾಲು ಮುಗಿಯುವುದು ಕಲ್ಲಿನ ಅಂಚಿನಲ್ಲಿ. ಪದವು ನಡುವೆಯೇ ತುಂಡಾಗಿ ಮುಂದಿನ ಸಾಲಿಗೆ ಹರಿಯಬಹುದು. ಪದಪಟ್ಟಿಯಲ್ಲಾದರೋ ಒಂದು ಸಾಲೆಂದರೆ ಒಂದು ನಮೂದು. ಅಲ್ಲಿ ಸಾಲಿನ ಕೊನೆಯೇ ಪದದ ಗಡಿ.

ಗಣಕದಲ್ಲಿ ಈ ಗಡಿಯನ್ನು ಗುರುತಿಸುವ ಪದ್ಧತಿ ದೂರಮುದ್ರಕದಿಂದ ಬಂದದ್ದು. ಮುದ್ರಣದ ಗಾಡಿಯನ್ನು ಎಡ ಅಂಚಿಗೆ ಮರಳಿಸುವುದು ಒಂದು ಕ್ರಿಯೆ, ಕಾಗದವನ್ನು ಮೇಲೇರಿಸುವುದು ಇನ್ನೊಂದು. 1963ರ ಆಸ್ಕಿ ಸಂಕೇತವು ಮೊದಲನೆಯದಕ್ಕೆ 13, ಎರಡನೆಯದಕ್ಕೆ 10 ಎಂಬ ಸಂಖ್ಯೆಗಳನ್ನು ಉಳಿಸಿಕೊಂಡಿತು. ಮಲ್ಟಿಕ್ಸ್ ಮತ್ತು ಅದರ ಹಾದಿ ಹಿಡಿದ ಯೂನಿಕ್ಸ್ 10 ಒಂದೇ ಸಾಕೆಂದವು; ಸಿಪಿಎಂ, ಡಾಸ್, ವಿಂಡೋಸ್ ಎರಡನ್ನೂ ಇರಿಸಿಕೊಂಡವು; ಹಳೆಯ ಮ್ಯಾಕಿಂಟಾಷ್ 13ನ್ನು ಮಾತ್ರ ಬಳಸಿತು.

ಕನ್ನಡಕ್ಕೆ ಈ ಭೇದ ಹೊರಗಿನದಲ್ಲ. 1991ರ ಇಸ್ಕಿ ಮಾನಕದಲ್ಲಿ ಲಿಪಿಯನ್ನು ಬದಲಿಸುವ ಸಂಕೇತದ ಪ್ರಭಾವ ಸಾಲಿನ ಕೊನೆಗೆ ನಿಂತುಹೋಗುತ್ತಿತ್ತು. ಎಂದರೆ ಸಾಲಿನ ಕೊನೆಗೆ ಲಿಪಿನಿರ್ಣಯದಲ್ಲಿಯೂ ಪಾತ್ರವಿತ್ತು. ಮುಂದೆ ಬರಹ, ನುಡಿ ತಂತ್ರಾಂಶಗಳ ಮೂಲಕ ಕನ್ನಡದ ಬೆರಳಚ್ಚು ಹೆಚ್ಚಾಗಿ ವಿಂಡೋಸ್‌ನಲ್ಲಿ ಬೆಳೆಯಿತು. ಆ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅಕ್ಷರಗಳು ಬದಲಾದರೂ ಸಾಲಿನ ಕೊನೆ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ.

ಇದರ ಪರಿಣಾಮ ಶೆಲ್ ಸ್ಕ್ರಿಪ್ಟಿನಲ್ಲಿ ಗೋಚರಿಸುತ್ತದೆ. ಮಧುಗಿರಿಯ ಪಟ್ಟಿ ಲಿನಕ್ಸ್‌ನಲ್ಲಿ, ಪಾವಗಡದ ಪಟ್ಟಿ ವಿಂಡೋಸ್‌ನಲ್ಲಿ ಸಿದ್ಧವಾದವೆಂದು ಭಾವಿಸೋಣ. ಎರಡನ್ನೂ ಕೂಡಿಸಿ 'ಸಾರ್ಟ್', 'ಯೂನಿಕ್' ಆದೇಶಗಳಿಗೆ ಒಪ್ಪಿಸಿದರೆ ಒಂದೇ ಪದ ಎರಡು ಪದಗಳಾಗಿ ಎಣಿಕೆಯಾಗುತ್ತದೆ, ಏಕೆಂದರೆ ಪಾವಗಡದ ಪ್ರತಿ ಪದದ ಕೊನೆಯಲ್ಲೂ ಕಾಣದ 13 ಅಂಟಿಕೊಂಡಿದೆ. ಎರಡು ತಾಲ್ಲೂಕುಗಳಿಗೆ ಸಮಾನ ಪದವೊಂದೂ ಇಲ್ಲವೆಂಬಂತೆ ಫಲಿತಾಂಶ ಬರುತ್ತದೆ. ಆಂಧ್ರದ ನೆಲ ಬಹುಪಾಲು ಸುತ್ತುವರಿದ, ತೆಲುಗು-ಕನ್ನಡ ದ್ವಿಭಾಷಿಕತೆಯ ಪಾವಗಡದಲ್ಲಿ ಇಂಥ ಭಾಗಶಃ ವ್ಯತ್ಯಾಸಕ್ಕೂ ಭಾಷಾಸಂಪರ್ಕದ ವಿವರಣೆ ಸುಲಭವಾಗಿ ಒದಗುವುದೇ ಅಪಾಯ.

ಪ್ರತ್ಯಯಗಳ ಹುಡುಕಾಟದಲ್ಲಿ ತೊಡಕು ಇನ್ನೂ ಹೆಚ್ಚು. 'ಊರಲ್ಲಿ', 'ಊರಾಗೆ' ರೂಪಗಳ ಹಂಚಿಕೆಯನ್ನು ತಿಳಿಯಲು 'ಸಾಲಿನ ಕೊನೆಯಲ್ಲಿ ಈ ಪ್ರತ್ಯಯ' ಎಂದು 'ಗ್ರೆಪ್'ಗೆ ಸೂಚಿಸಿದರೆ ವಿಂಡೋಸ್ ಕಡತದಲ್ಲಿ ಒಂದೂ ಸಿಗದು. ಅಲ್ಲಿ ಸಾಲಿನ ಕೊನೆಯಲ್ಲಿರುವುದು ಪ್ರತ್ಯಯವಲ್ಲ, 13. ವಿಭಕ್ತಿಯೂ ಕ್ರಿಯಾಪ್ರತ್ಯಯವೂ ಪದಾಂತ್ಯದಲ್ಲಿ ಸೇರುವ ಕನ್ನಡದಂಥ ಭಾಷೆಗೆ ಇದು ಸಣ್ಣ ನಷ್ಟವಲ್ಲ.

ಮತ್ತೊಂದು ನಷ್ಟ ಕಡತದ ತುದಿಯಲ್ಲಿದೆ. ಹೊಸಸಾಲಿನ ಸಂಕೇತದಿಂದ ಮುಗಿದುದೇ ಸಾಲೆಂಬುದು ಪಾಸಿಕ್ಸ್ ಮಾನಕದ ವ್ಯಾಖ್ಯೆ. ಕೊನೆಯ ನಮೂದಿನ ನಂತರ ಆ ಸಂಕೇತ ಇಲ್ಲದಿದ್ದರೆ 'ರೀಡ್' ಪದವನ್ನು ಚರದೊಳಗೆ ತುಂಬಿಯೂ ವಿಫಲವೆಂದು ವರದಿಮಾಡುತ್ತದೆ. 'ವೈಲ್' ಆವರ್ತನೆ ಅಲ್ಲಿಗೆ ನಿಲ್ಲುತ್ತದೆ. ಅಕಾರಾದಿಯಲ್ಲಿರುವ ಕನ್ನಡ ಪಟ್ಟಿಯ ಕೊನೆಯ ಪದ ಸಾಮಾನ್ಯವಾಗಿ ಹಕಾರಾದಿ, ಉದಾಹರಣೆಗೆ 'ಹೌದು'. ಹೀಗಾಗಿ ಆಡುಮಾತಿನ ಹಕಾರಲೋಪವನ್ನು ಪರಿಶೀಲಿಸುವವರಿಗೆ ಪ್ರತಿ ಕಡತದಲ್ಲಿ ಒಂದು ಸಾಕ್ಷ್ಯ ಸದ್ದಿಲ್ಲದೆ ಕಳೆದುಹೋಗಬಹುದು.

ಪರಿಹಾರದಲ್ಲಿಯೂ ಚರಿತ್ರೆಯ ಅರಿವು ಬೇಕು. ಮೂಲ ಕಡತವನ್ನು ತಿದ್ದದೆ, ಅದರ ಬೈಟುಗಳನ್ನು 'ಓಡಿ' ಆದೇಶದಿಂದ ಮೊದಲು ನೋಡಬೇಕು. 13ರ ಜೊತೆಗೆ 10 ಇದ್ದರೆ ಪ್ರತಿಯಲ್ಲಿ 13ನ್ನು ಅಳಿಸಬಹುದು. 13 ಒಂದೇ ಇದ್ದರೆ ಅದನ್ನು 10 ಆಗಿ ಪರಿವರ್ತಿಸಬೇಕು, ಅಳಿಸಿದರೆ ಇಡೀ ಪಟ್ಟಿ ಒಂದೇ ಸಾಲಾಗುತ್ತದೆ. 'ರೀಡ್' ವಿಫಲವಾದಾಗಲೂ ಚರದಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಸಂಸ್ಕರಿಸುವ ನಿಬಂಧನೆಯನ್ನು ಆವರ್ತನೆಗೆ ಸೇರಿಸಬೇಕು.

ಶಾಸನ ಸಂಪಾದಕರು ಪಾಠದಲ್ಲಿ ಸಾಲಿನ ಸಂಖ್ಯೆಗಳನ್ನು ಗುರುತಿಸಿ ಕಲ್ಲಿನ ಸಾಲು ಬೇರೆ, ಪಠ್ಯದ ಪದ ಬೇರೆ ಎಂಬುದನ್ನು ಓದುಗರ ಮುಂದಿಡುತ್ತಾರೆ. ಗಣಕೀಯ ಪಠ್ಯನಿಧಿಯೂ ಲಿಪಿಸಂಕೇತದ ಜೊತೆಗೆ ಸಾಲಂತ್ಯದ ಸಂಕೇತವನ್ನೂ ಮಾಹಿತಿಯಲ್ಲಿ ದಾಖಲಿಸಬೇಕೆಂದು ನಾವು ಸೂಚಿಸುತ್ತೇವೆ. ಭೂಪಟದ ಮೇಲೆ ಭಾಷಿಕ ಗೆರೆಯನ್ನು ಎಳೆಯುವ ಮುನ್ನ, ಅದು ಆಡುವವರ ಬಾಯಲ್ಲಿದೆಯೋ ಕಡತದ ಬೈಟಿನಲ್ಲಿದೆಯೋ ಎಂಬುದು ಖಚಿತವಾಗಬೇಕು.