ಬರ್ಗಂಡಿಯ ತಿಳಿಗೆಂಪು

ಪಿನೋ ನ್ವಾರ್ ಪೂರ್ವ ಫ್ರಾನ್ಸಿನ ಬರ್ಗಂಡಿ ಸೀಮೆಯ ಕಪ್ಪು ದ್ರಾಕ್ಷಿ. ಅದರ ಪುಟ್ಟ, ಒತ್ತೊತ್ತಾದ ಗೊಂಚಲು ಪೈನ್ ಮರದ ಕಾಯಿಯನ್ನು ಹೋಲುವುದರಿಂದ ಈ ಹೆಸರು ಬಂತೆನ್ನುತ್ತಾರೆ. ವೈನಿಗೆ ಬಣ್ಣವನ್ನೂ ಒಗರನ್ನೂ ಕೊಡುವುದು ಸಿಪ್ಪೆ. ಪಿನೋದ ಸಿಪ್ಪೆ ತೆಳು. ಹೀಗಾಗಿ ಲೋಟದಾಚೆ ಹಿಡಿದ ಬೆರಳು ಕಾಣುವಷ್ಟು ವೈನ್ ತಿಳಿಯಾಗಿರುತ್ತದೆ.

1098ರಲ್ಲಿ ಸಿತೋದಲ್ಲಿ ಮಠ ಕಟ್ಟಿದ ಸಿಸ್ಟರ್ಸಿಯನ್ ಸನ್ಯಾಸಿಗಳು ಇಲ್ಲಿನ ದ್ರಾಕ್ಷಿ ಕೃಷಿಗೆ ಶಿಸ್ತು ತಂದರು. ಅವರ ಕ್ಲೋ ದ ವೂಜೋ ತೋಟದ ಸುತ್ತ ಈಗಲೂ ಕಲ್ಲುಗೋಡೆಯಿದೆ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ದಿ ಬೋಲ್ಡ್ ಗಮೇ ಎಂಬ ತಳಿಯನ್ನು ಬೇರುಸಹಿತ ಕೀಳಬೇಕೆಂದು ಅಪ್ಪಣೆ ಹೊರಡಿಸಿದ. ಗಮೇ ಮನುಷ್ಯರಿಗೆ ಹಾನಿಕರವೆಂಬುದು ಅವನ ದೂರು. ರೈತರ ಲೆಕ್ಕವೇ ಬೇರೆ: ಗಮೇ ಬೇಗ ಮಾಗುತ್ತದೆ, ಫಸಲೂ ಹೆಚ್ಚು. ಅಪ್ಪಣೆ ಪೂರ್ತಿ ನಡೆಯಲಿಲ್ಲ, ನಡೆಯುವಂಥದ್ದೂ ಆಗಿರಲಿಲ್ಲ.

ಫ್ರೆಂಚ್ ಕ್ರಾಂತಿಯಲ್ಲಿ ಮಠದ ಜಮೀನು ಹರಾಜಾಯಿತು. ಮುಂದೆ ಮಕ್ಕಳಿಗೆಲ್ಲ ಸಮಪಾಲು ಎಂಬ ಕಾನೂನಿನಿಂದ ಹಿಡುವಳಿಗಳು ತುಂಡುತುಂಡಾದವು. ಸುಮಾರು 50 ಹೆಕ್ಟೇರಿನ ಕ್ಲೋ ದ ವೂಜೋಗೆ ಇಂದು 80ರಷ್ಟು ಒಡೆಯರು. ಸರಕು ಕಡಿಮೆ, ಹೆಸರು ದೊಡ್ಡದು. ಇಂಥ ತೋಟಗಳ ಬೆಲೆ ಸಾಮಾನ್ಯರ ಕೈಗೆಟುಕುವುದಿಲ್ಲ.

ಕೈಗೆಟುಕುವುದು ಕೆಳಗಿನ ದರ್ಜೆ. ತೋಟದ ಹೆಸರಿಲ್ಲದೆ ಬರಿಯ 'ಬೂರ್ಗೋನ್' (ಫ್ರೆಂಚಿನಲ್ಲಿ ಬರ್ಗಂಡಿ) ಎಂದು ಮಾರುವ ವೈನ್ ಒಂದು, ಪಾಸ್‌ತುಗ್ರೇನ್ ಇನ್ನೊಂದು. ಎರಡನೆಯದು ಮಾಗುವವರೆಗೆ ಕಾಯದೆ, ಎಳೆಯದಿರುವಾಗಲೇ ತುಸು ತಂಪು ಮಾಡಿ ಊಟದ ಜೊತೆ ಕುಡಿಯುವ ವೈನ್. ಅದರಲ್ಲಿ ಪಿನೋದ ಜೊತೆ ಬೆರೆಸುವುದು ಡ್ಯೂಕ್ ಕೀಳಿಸಹೊರಟಿದ್ದ ಅದೇ ಗಮೇಯನ್ನು.